ಆಕ್ಷೇಪಣೆ ಇರಲಿಲ್ಲ

ಟಾಲಿವರ್ ಗ್ಯಾಪ್,
ಗುರುವಾರ, ೧೫ ನವೆಂಬರ್ ೨೦೧೮

ಪ್ರೀತಿಯ ಆರ್ಲಿಸ್,

ಜ್ವರ ಬಿಟ್ಟಿತೇ? ನಿಮ್ಮ ಇಡೀ ಬ್ಯಾರಕ್ಕಿಗೆ ಫ್ಲೂ ತಗುಲಿ ಬೀಗ ಜಡಿದಿದ್ದಾರೆ, ಫೋನೂ ಇಲ್ಲ ಭೇಟಿಯೂ ಇಲ್ಲ ಎಂದು ಜೈಲಿನ ಪಾದ್ರಿಗಳು ತಿಳಿಸಿದರು. ಎದೆಯಲ್ಲಿ ಕಫ ಕಟ್ಟಿದ್ದರೆ ಗೋಡೆ ಕಡೆ ತಿರುಗಿ ಸುಮ್ಮನೆ ಬಿದ್ದುಕೊಂಡಿರಬೇಡ, ದಾದಿಯನ್ನು ಕೂಗಿ ಕರೆದು ಹೇಳು. ನಿನ್ನದು ಚಿಕ್ಕಂದಿನಿಂದಲೂ ಅದೇ ಬುದ್ಧಿ. ಮೈ ಕೆಂಡವಾಗಿದ್ದರೂ ಬಾಯಿ ಬಿಡುತ್ತಿರಲಿಲ್ಲ, ನಾನೇ ಹಣೆ ಮುಟ್ಟಿ ಕಂಡುಹಿಡಿಯಬೇಕಿತ್ತು. ಈಗ ಹಣೆ ಮುಟ್ಟುವವರು ಯಾರೂ ಇಲ್ಲ, ಆದ್ದರಿಂದ ಬಾಯಿ ಬಿಡುವುದನ್ನು ಕಲಿ. ನನ್ನ ಆರೋಗ್ಯ ಹೇಳಿಕೊಳ್ಳುವಂಥದ್ದೇನಲ್ಲ. ಕೋಳಿ ಕಾರ್ಖಾನೆಯಲ್ಲಿ ನನ್ನನ್ನು ಮೂಳೆ ಬಿಡಿಸುವ ಸಾಲಿನಿಂದ ಎತ್ತಿ ಪೆಟ್ಟಿಗೆ ಕಟ್ಟುವ ಕಡೆ ಹಾಕಿದ್ದಾರೆ, ಏಕೆಂದರೆ ಬಲಗೈಯ ಮೂರು ಬೆರಳಿಗೆ ಈಗ ಚಾಕು ತಗುಲಿದರೂ ಗೊತ್ತಾಗುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ಅದೇ ಕಾರಣ, ನಾನೇನೂ ಅಳುತ್ತಾ ಬರೆಯುತ್ತಿಲ್ಲ.

ಮಂಗಳವಾರದ ವಿಚಾರಣೆಯಲ್ಲಿ ಏನಾಯಿತು ಎಂದು ನೀನು ಕಾಯುತ್ತಿದ್ದೀಯ ಎಂಬುದು ನನಗೆ ಗೊತ್ತು. ಬರುತ್ತೇನೆ, ಅಲ್ಲಿಗೇ ಬರುತ್ತೇನೆ. ನನಗೆ ನನ್ನ ದಾರಿಯಲ್ಲೇ ಬರೆಯಲು ಬರುವುದು, ಅವಸರ ಮಾಡಿಸಬೇಡ.

ಭಾನುವಾರ ಚರ್ಚಿನಲ್ಲಿ ಕಾರ್ಬಿನ್ ಎದ್ದು ನಿಂತು ದೇವರ ಕೃಪೆಗೆ ಸಾಕ್ಷಿ ಹೇಳಿದ. ಗಡ್ಡ ಬೋಳಿಸಿಕೊಂಡು ಮಾವನ ಮನೆಯವರು ಕೊಡಿಸಿದ ಕೋಟು ಹಾಕಿಕೊಂಡು ಬಂದಿದ್ದ. ಅವನು ಜೈಲಿನಿಂದ ಹೊರಗೆ ಬಂದು ಏಳು ತಿಂಗಳಾಯಿತು, ಅಷ್ಟರಲ್ಲಿ ಮದುವೆಯಾಗಿ, ರಸ್ತೆ ಕೆಲಸಕ್ಕೆ ಸೇರಿ, ದಪ್ಪಗೂ ಆಗಿದ್ದಾನೆ. ನನ್ನ ಬೆಂಚಿನ ಎದುರಿಗೇ ನಿಂತು, “ಆರ್ಲಿಸ್ ನಂಗೋಸ್ಕರ ಒಳಗೆ ಉಳ್ಕೊಂಡಿದಾನೆ ಅಂತ್ಲೇ ನಾನು ತಿಳ್ಕೊಂಡಿದೀನಿ, ವರ್ನೆಲ್ ಆಂಟಿ. ಅವ್ನ್ ಹೆಸರಿಂದ್ಲೇ ನಂಗೆ ಬಿಡುಗಡೆ ಆಯ್ತು” ಎಂದು ಕಣ್ಣೊರೆಸಿಕೊಂಡ. ಜನ ಆಮೆನ್ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮಗ ಯಾವಾಗಪ್ಪ ಶಿಲುಬೆ ಹೊತ್ತಿದ್ದು? ನಿನ್ನನ್ನು ಯಾರಾದರೂ ಕೇಳಿದ್ದರೇ, ನೀನು ಒಪ್ಪಿಕೊಂಡಿದ್ದೆಯಾ? ಇಬ್ಬರೂ ಒಟ್ಟಿಗೆ ಕಾಳಿನ ಗೋದಾಮಿಗೆ ನುಗ್ಗಿದಿರಿ. ಕಾವಲಿನ ಮುದುಕ ಮೆಟ್ಟಿಲಿಂದ ಉರುಳಿ ಸೊಂಟ ಮುರಿದುಕೊಂಡಾಗ ಇಬ್ಬರೂ ಒಟ್ಟಿಗೆ ಓಡಿದಿರಿ. ಹೊರಗೆ ಬಂದವನು ಮಾತ್ರ ಒಬ್ಬನೇ. ಪ್ರಾರ್ಥನೆ ಮುಗಿದ ಮೇಲೆ ಅವನು ನನ್ನನ್ನು ತಬ್ಬಿಕೊಂಡ, ನಾನು ಮರದ ಕೊರಡಿನ ಹಾಗೆ ನಿಂತಿದ್ದೆ.

ಇದೊಂದೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ನಮ್ಮ ಮನೆತನದ ಹೆಸರು ಈಗ ಜನರ ಬಾಯಲ್ಲಿ ಔಷಧಿಯ ಹೆಸರಿನ ಹಾಗಾಗಿದೆ. ಕಾರ್ಖಾನೆಯ ಊಟದ ಕೋಣೆಯಲ್ಲಿ ಹೆಂಗಸರು ನನ್ನ ಪಕ್ಕಕ್ಕೆ ಬಂದು ಕೂತು, “ನಮ್ಮ ತಮ್ಮಂಗೆ ಸ್ಟಾಲ್ಕಪ್ ಆಯ್ತು, ಆರು ವರ್ಷ ಕಮ್ಮಿ ಮಾಡಿದ್ರು”, “ನಮ್ಮೋರಿಗೂ ಸ್ಟಾಲ್ಕಪ್ ಸಿಗುತ್ತಾ, ನೀವೊಂದ್ಸಲ ಕೇಳಿ ನೋಡಿ” ಎನ್ನುತ್ತಾರೆ. ಯಾರನ್ನು ಕೇಳಲಿ? ನಾನೇನು ಅದನ್ನು ಮನೆಯಲ್ಲಿ ಬಾಟಲಿಗೆ ತುಂಬಿಟ್ಟುಕೊಂಡಿದ್ದೇನೆಯೇ? ನಿನ್ನ ವಕೀಲೆ ಥೀಯಾ ಹೇಳುವ ಪ್ರಕಾರ ಇಲ್ಲಿಯವರೆಗೆ ನಲವತ್ತೊಂದು ಜನರಿಗೆ ಸ್ಟಾಲ್ಕಪ್ ಆಗಿದೆ. ಸ್ಟಾಲ್ಕಪ್ ಎಂಬುವವನಿಗೆ ಮಾತ್ರ ಆಗಿಲ್ಲ.

ಆ ತೀರ್ಪು ಬಂದ ದಿನದ ಕಥೆಯನ್ನು ನಿನಗೆ ನಾನು ಪೂರ್ತಿ ಹೇಳಿರಲಿಲ್ಲ, ನಾಚಿಕೆಯಾಗಿ ಬಿಟ್ಟಿದ್ದೆ. ಎರಡು ವರ್ಷದ ಹಿಂದೆ, ಶುಕ್ರವಾರ. ಗ್ರಂಥಾಲಯಕ್ಕೆ ಹೋಗಿ ಅಲ್ಲಿಯ ಹುಡುಗಿಗೆ ಹೇಳಿ ದೊಡ್ಡ ಕೋರ್ಟಿನ ತೀರ್ಪನ್ನು ಮುದ್ರಿಸಿಕೊಂಡೆ. ಯಂತ್ರ ಹದಿನೆಂಟು ಪುಟ ಉಗುಳಿ ನಿಂತುಬಿಟ್ಟಿತು. ಮುಗಿಯಿತು ಎಂದುಕೊಂಡು ಎದೆಗವಚಿಕೊಂಡು ಮನೆಗೆ ಬಂದೆ. ಅಡುಗೆಮನೆಯ ಮೇಜಿನ ಮೇಲಿಟ್ಟು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದೆ. ಏನು ಚೆನ್ನಾಗಿ ಬರೆದಿದ್ದರು ಅಂತೀಯ! ಆರೋಪಿ ಮಾತಾಡದೆ ಕೂರುವುದು ಅವನ ಹಕ್ಕು, ಆ ಮೌನವನ್ನೇ ಅಪರಾಧ ಮಾಡಿ ಶಿಕ್ಷೆ ಹೆಚ್ಚಿಸುವುದಕ್ಕೆ ಯಾವ ನ್ಯಾಯಾಧೀಶರಿಗೂ ಅಧಿಕಾರವಿಲ್ಲ, ಸ್ಟಾಲ್ಕಪ್ ಹೇಳುತ್ತಿರುವುದು ಸರಿ. ಹೀಗೇ ಇತ್ತು, ‘ಸ್ಟಾಲ್ಕಪ್ ಹೇಳುತ್ತಿರುವುದು ಸರಿ’ ಎಂದು. ನಾನು ಅವತ್ತೇ ನಿನ್ನ ಕೋಣೆಯ ಪರದೆ ಒಗೆದು ಹಾಕಿದೆ. ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಹದಿನೆಂಟನೇ ಪುಟವನ್ನು ಗಟ್ಟಿಯಾಗಿ ಓದಿದೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೋಮವಾರ ಆ ಹುಡುಗಿ ಫೋನ್ ಮಾಡಿ, “ಅಮ್ಮಾ, ಮಷೀನಲ್ಲಿ ಪೇಪರ್ ಖಾಲಿ ಆಗಿತ್ತು, ನಿಮ್ದಿನ್ನೂ ನಾಲ್ಕು ಹಾಳೆ ಇಲ್ಲೇ ಇದೆ” ಎಂದಳು. ಹತ್ತೊಂಬತ್ತನೇ ಪುಟದ ಮೊದಲ ಪದ ‘ಆದಾಗ್ಯೂ’. ಆದಾಗ್ಯೂ, ಶಿಕ್ಷೆ ಹೇಳಿದ ದಿನ ಸ್ಟಾಲ್ಕಪ್‌ನ ವಕೀಲರು ಆಕ್ಷೇಪಣೆ ಎತ್ತಲಿಲ್ಲ. ಆದ್ದರಿಂದ ಈ ತಪ್ಪನ್ನು ಅವನ ಮಟ್ಟಿಗೆ ಸರಿಪಡಿಸಲು ಬರುವುದಿಲ್ಲ. ಕಾರ್ಬಿನ್‌ನ ವಕೀಲ ಎತ್ತಿದ್ದ, ಅವನಿಗೆ ಬರುತ್ತದೆ. ಎರಡೂ ಮೇಲ್ಮನವಿಯನ್ನು ಒಟ್ಟಿಗೆ ಕೇಳಿದರಂತೆ, ನಿನ್ನ ಕಾಗದ ಮೊದಲು ಬಂದದ್ದರಿಂದ ನಿನ್ನ ಹೆಸರಿಟ್ಟರಂತೆ. ಕೈಲಾದ ಮರ್ಯಾದೆ ಮಾಡಿದ್ದಾರೆ ನೋಡು.

ಇನ್ನು ಆ ಪ್ರೊಫೆಸರನ ಊಟದ ವಿಷಯ. ವಿಶ್ವವಿದ್ಯಾಲಯದವರು ನನಗೆ ಕಾಗದ ಬರೆದು ಕರೆಸಿದ್ದರು, ‘ಸ್ಟಾಲ್ಕಪ್: ಎರಡು ವರ್ಷಗಳ ನಂತರ’ ಎಂದು ಉಪನ್ಯಾಸ, ಮೊದಲ ಸಾಲಿನಲ್ಲಿ ನನಗೆ ಕುರ್ಚಿ, ಕೈಗೊಂದು ಟರ್ಕಿ ಮಾಂಸದ ಸ್ಯಾಂಡ್‌ವಿಚ್. ಬಿಲ್ಲೆಯ ಹಾಗೆ ಎದೆಗೆ ಹೆಸರು ಅಂಟಿಸಿದರು. ನನ್ನ ಹೆಸರು ನೋಡಿ ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡರು. ಪ್ರೊಫೆಸರ್ ಒಳ್ಳೆಯ ಮಾತುಗಾರ, ಕೈಯಲ್ಲೇ ಚಿತ್ರ ಬರೆಯುತ್ತಾನೆ. ನಿನ್ನ ಜೀವನದ ಅತಿ ಕೆಟ್ಟ ಬೆಳಗ್ಗೆಯನ್ನು ಅವನು ನಾಟಕದ ಹಾಗೆ ಹೇಳಿದ. ಕಳ್ಳತನಕ್ಕೂ ಮುದುಕನ ಸೊಂಟಕ್ಕೂ ಐದು ವರ್ಷ. ಆಮೇಲೆ ಜಡ್ಜ್ ನಿನ್ನ ಕಡೆ ಬೆರಳು ತೋರಿಸಿ, “ಈ ಹುಡ್ಗ ಒಂದ್ ಮಾತೂ ಆಡ್ಲಿಲ್ಲ. ಕ್ಷಮಿಸಿ ಅನ್ನೋಕೂ ಬಾಯಿ ಬರ್ಲಿಲ್ಲ. ಈ ಮೌನಕ್ಕೆ ಇನ್ನೂ ಹನ್ನೊಂದು ವರ್ಷ” ಎಂದದ್ದು. ನಿನ್ನ ಆಗಿನ ವಕೀಲ ಪ್ರೂಯಿಟ್ ಸುಮ್ಮನೆ ಕೂತದ್ದು. ಅರ್ಧ ಗಂಟೆ ಕಳೆದು ಕಾರ್ಬಿನ್‌ಗೂ ಅದೇ ಜಡ್ಜ್ ಅದೇ ಮಾತು ಹೇಳಿ, ಅವನ ನಾಲ್ಕು ವರ್ಷದ ಮೇಲೆ ಅದೇ ಹನ್ನೊಂದು ಕೊಟ್ಟದ್ದು, ಪಟ್ಟಣದಿಂದ ಬಂದ ಅವನ ಎಳೆ ವಕೀಲ ಎದ್ದು, “ಆಕ್ಷೇಪಣೆ ಇದೆ ಮಹಾಸ್ವಾಮಿ” ಎಂದು ಕೂತದ್ದು. ಅಷ್ಟೇ, ಮೂರು ಮಾತು. ಜಡ್ಜ್ ತಲೆಯೂ ಎತ್ತದೆ, “ಬರ್ಕೊಳ್ಳಿ” ಎಂದರಂತೆ. ಆ ಮೂರು ಮಾತಿನ ಬೆಲೆ ಹನ್ನೊಂದು ವರ್ಷ ಎಂದು ಪ್ರೊಫೆಸರ್ ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದ. ಹುಡುಗರೂ ಬರೆದುಕೊಂಡರು.

ಆಮೇಲೆ ಅವನಿಗೆ ಉಮೇದು ಹತ್ತಿತು. ‘ಪ್ರೂಯಿಟ್ ಯಾಕೆ ಬಾಯಿ ಮುಚ್ಚಿಕೊಂಡ? ದಾಖಲೆಯಲ್ಲಿ ಕಾರಣವಿಲ್ಲ. ತೀರ್ಪಿನ ಒಂಬತ್ತನೇ ಅಡಿಟಿಪ್ಪಣಿ ನೋಡಿ, ಕೋರ್ಟಿಗೂ ಗೊತ್ತಿಲ್ಲ’ ಎಂದು ಸುತ್ತಾಡಿದ. ಇದರ ಮೇಲೆ ಅವನೇ ಅರುವತ್ತು ಪುಟದ ಲೇಖನ ಬರೆದಿದ್ದಾನಂತೆ, ಇನ್ನೊಬ್ಬ ಎಲ್ಲಿಯವನೋ ಅದಕ್ಕೆ ಉತ್ತರ ಬರೆದಿದ್ದಾನಂತೆ. ಕಾನೂನು ಗೊತ್ತಿರಲಿಲ್ಲವೇ, ಬೇಕೆಂದೇ ಸುಮ್ಮನಿದ್ದನೇ, ನಿದ್ದೆ ಹೋಗಿದ್ದನೇ? ಕೈ ಎತ್ತಿ ಎಂದ. ನಿದ್ದೆಗೇ ಹೆಚ್ಚು ಕೈ ಎದ್ದವು, ಎಲ್ಲರೂ ನಕ್ಕರು. ನಂತರ ನನ್ನ ಕಡೆ ಬಾಗಿ, “ನೀವೇನಂತೀರಿ ಮಿಸೆಸ್ ಸ್ಟಾಲ್ಕಪ್?” ಎಂದು ಕೇಳಿದ. ನಾನು ಬಾಯಲ್ಲಿ ತುತ್ತಿದೆ ಎಂದು ಸನ್ನೆ ಮಾಡಿದೆ. ಕೊನೆಯಲ್ಲಿ ಅವನು ಈ ತೀರ್ಪಿನಲ್ಲಿ ಒಂದು ಸೊಗಸಿದೆ ಎಂದ. ಹೌದು ಕಣಪ್ಪಾ, ಬಹಳ ಸೊಗಸು. ಅದರೊಳಗೆ ಕೂತಿರುವುದು ನನ್ನ ಮಗ, ಅದೊಂದು ಬಿಟ್ಟರೆ ಎಲ್ಲ ಸೊಗಸು.

ಸರಿ, ಮಂಗಳವಾರಕ್ಕೆ ಬರುತ್ತೇನೆ. ಥೀಯಾ ನಿನಗೆ ಹತ್ತು ಸಲ ಹೇಳಿರುತ್ತಾಳೆ, ಆದರೂ ನನಗೆ ತಿಳಿದ ಹಾಗೆ ಬರೆಯುತ್ತೇನೆ. ದೊಡ್ಡ ಕೋರ್ಟಿನ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಒಂದೇ ಕಿಂಡಿ. ವಕೀಲನ ಅಲಕ್ಷ್ಯದಿಂದ ನೀನು ಕೆಟ್ಟೆ ಎಂದು ತೋರಿಸಬೇಕು. ಅವನು ಮರೆತಿದ್ದರೆ, ಮಲಗಿದ್ದರೆ, ದಡ್ಡನಾಗಿದ್ದರೆ ಅದು ಅವನ ತಪ್ಪು, ನಿನಗೆ ಹನ್ನೊಂದು ವರ್ಷ ವಾಪಸು, ಏಪ್ರಿಲಿನಲ್ಲಿ ನೀನು ಮನೆಗೆ. ಅವನು ಯೋಚನೆ ಮಾಡಿ, ಬೇಕೆಂದೇ ಸುಮ್ಮನಿದ್ದರೆ ಅದಕ್ಕೆ ತಂತ್ರ ಎಂದು ಹೆಸರು, ತಂತ್ರ ಕೈಕೊಟ್ಟರೆ ಕೋರ್ಟು ಕೇಳುವುದಿಲ್ಲ. ಇಡೀ ಮೊಕದ್ದಮೆ ಒಬ್ಬ ಮುದುಕನ ತಲೆಯಲ್ಲಿ ನಾಲ್ಕೂವರೆ ವರ್ಷದ ಹಿಂದೆ ಏನು ಓಡುತ್ತಿತ್ತು ಎಂಬುದರ ಮೇಲೆ ನಿಂತಿತ್ತು. ಇದನ್ನೂ ನ್ಯಾಯ ಎನ್ನುತ್ತಾರೆ.

ಎಲ್ಡನ್ ಪ್ರೂಯಿಟ್ ಬಂದ. ಅವನನ್ನು ನೋಡಿ ನನಗೆ ಗುರುತೇ ಹತ್ತಲಿಲ್ಲ ಮಗನೇ. ಮೂಗಿಗೆ ಆಮ್ಲಜನಕದ ಕೊಳವೆ, ಹಿಂದೆ ಗಾಲಿಯ ಮೇಲೆ ಸಿಲಿಂಡರು, ಸೂಟು ಅದೇ ಹಳೆಯ ಬೂದು ಸೂಟು, ಒಳಗೆ ಮನುಷ್ಯ ಅರ್ಧ ಉಳಿದಿದ್ದಾನೆ. ಈ ನಾಲ್ಕು ವರ್ಷ ನಾನು ಅವನನ್ನು ಬೈದದ್ದು ಕಡಿಮೆಯೇ? ಅಂಚೆ ಕಚೇರಿಯಲ್ಲಿ, ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ‘ನನ್ನ ಮಗನ್ನ ಮಾರ್ಕೊಂಡ ಹೆಣ’ ಎಂದು ಅವನಿಗೆ ಕೇಳುವ ಹಾಗೇ ಅಂದಿದ್ದೇನೆ. ಅವನ ಹೆಂಡತಿ ಸತ್ತಾಗಲೂ ನಾನು ಹೋಗಲಿಲ್ಲ. ಅವನು ಒಂದು ದಿನವೂ ತಿರುಗಿ ಮಾತಾಡಿದವನಲ್ಲ, ಟೋಪಿ ಮುಟ್ಟಿ ದಾಟಿಹೋಗುತ್ತಿದ್ದ. ಮಂಗಳವಾರ ಕಟಕಟೆ ಹತ್ತಿ, ಕೈ ಎತ್ತಿ ಪ್ರಮಾಣ ಮಾಡಿ, “ನಾನು ನಿದ್ದೆ ಹೋಗಿದ್ದೆ ಮಹಾಸ್ವಾಮಿ. ಜಡ್ಜ್ ಏನಂದ್ರು ಅನ್ನೋದೇ ನನ್ ಕಿವೀಗೆ ಬೀಳ್ಲಿಲ್ಲ. ಆ ಹುಡುಗನ ಹನ್ನೊಂದು ವರ್ಷ ನನ್ನ ತಲೆ ಮೇಲಿದೆ” ಎಂದ. ಐವತ್ತು ವರ್ಷ ವಕೀಲಿ ಮಾಡಿದವನು ತುಂಬಿದ ಕೋರ್ಟಿನಲ್ಲಿ ಹಾಗೆ ಹೇಳಿಕೊಂಡ. ಹೊಸ ಜಡ್ಜಮ್ಮ ಕನ್ನಡಕ ತೆಗೆದು ಅವನನ್ನೇ ನೋಡಿದರು. ಥೀಯಾ ಮೇಜಿನ ಕೆಳಗೆ ನನ್ನ ಮೊಣಕಾಲು ಹಿಡಿದು ಅದುಮಿದಳು. ಊಟಕ್ಕೆ ಬಿಟ್ಟಾಗ ಹೊರಗಿನ ಮೊಗಸಾಲೆಯಲ್ಲಿ ಕುಣಿಯುವುದೊಂದು ಬಾಕಿ, “ಗೆದ್ವಿ ಅನ್ಸುತ್ತೆ ಅಮ್ಮಾ, ಏಪ್ರಿಲ್‌ಗೆ ಹಾಸಿಗೆ ಹಾಸಿಡಿ” ಎಂದಳು. ಪಾಪ, ಒಳ್ಳೆಯ ಹುಡುಗಿ. ಎರಡು ವರ್ಷದಿಂದ ನಿನ್ನ ಕಾಗದಗಳನ್ನು ಮಗುವಿನ ಹಾಗೆ ಎತ್ತಿಕೊಂಡು ತಿರುಗಿದ್ದಾಳೆ.

ಪ್ರೂಯಿಟ್ ಮೊಗಸಾಲೆಯ ಬೆಂಚಿನಲ್ಲಿ ಒಬ್ಬನೇ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ. ನಾಲ್ಕು ವರ್ಷದಲ್ಲಿ ಮೊದಲ ಸಲ. ನನ್ನ ಚೀಲದಲ್ಲಿದ್ದ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟೆ. ಅವನು ತಿನ್ನಲಿಲ್ಲ, ಕೈಯಲ್ಲಿ ಹಿಡಿದುಕೊಂಡು, “ಇನ್ನೇನು ಮುಗೀತು ವರ್ನೆಲ್, ಧೈರ್ಯವಾಗಿರಿ” ಎಂದ. ಅಷ್ಟರಲ್ಲಿ ಒಳಗೆ ಕರೆದರು.

ಕಾಗದ ಉದ್ದವಾಯಿತು, ಕೈಯೂ ಸೋತಿತು. ಒದ್ದೆ ತಲೆಯಲ್ಲಿ ಮಲಗಬೇಡ, ಸಾರು ಕೊಟ್ಟರೆ ಬಿಸಿ ಇರುವಾಗಲೇ ಕುಡಿ. ನಮ್ಮ ಚರ್ಚಿನ ಪಾದ್ರಿಗಳು ನಿನ್ನನ್ನು ಕೇಳಿದರು ಎಂದು ಹೇಳಲು ಹೇಳಿದ್ದಾರೆ. ದೇವರು ನಿನ್ನ ಎದೆಯ ಕಫ ಕರಗಿಸಲಿ, ನಿನಗೆ ಗಟ್ಟಿ ಮನಸ್ಸು ಕೊಡಲಿ, ಈ ಸಲ ಅದು ಬೇಕಾಗುತ್ತದೆ.

ನಿನ್ನ ಅಮ್ಮ,
ವರ್ನೆಲ್ ಸ್ಟಾಲ್ಕಪ್

ತಾ.ಕ. — ಲಕೋಟೆ ಅಂಟಿಸಿ ಮತ್ತೆ ಹರಿದೆ. ಮಧ್ಯಾಹ್ನದ್ದನ್ನು ಥೀಯಾ ಹೇಳಲಿ ಎಂದು ಬಿಟ್ಟಿದ್ದೆ, ಆದರೆ ಅದು ನನ್ನ ಬಾಯಿಂದಲೇ ನಿನಗೆ ತಿಳಿಯಬೇಕು. ಊಟ ಆದ ಮೇಲೆ ಸರ್ಕಾರಿ ವಕೀಲ ಪ್ರೂಯಿಟ್‌ನ ಹಳೆಯ ಕಡತ ತೆಗೆದ. ಶಿಕ್ಷೆ ಹೇಳಿದ ದಿನದ ಹಳದಿ ಹಾಳೆಯ ಅಂಚಿನಲ್ಲಿ ಪ್ರೂಯಿಟ್‌ನ ಕೈಬರಹ: ‘ತಾಯಿ ಬೇಡ ಅಂದರು.’ ಪ್ರೂಯಿಟ್ ನೆನಪಿಲ್ಲ ಎಂದ, ಬೇರೆ ಯಾವುದೋ ಮೊಕದ್ದಮೆಯದಿರಬೇಕು ಎಂದ. ಸರ್ಕಾರಿ ವಕೀಲ ತಿರುಗಿ ನನ್ನನ್ನು ನೋಡಿದ, ನನ್ನನ್ನೇ ಕರೆದ. ಬೈಬಲ್ ಮೇಲೆ ಕೈ ಇಡಿಸಿದರು. ಆರ್ಲಿಸ್, ಅವತ್ತು ಜಡ್ಜ್ ಮೌನಕ್ಕೆ ಹನ್ನೊಂದು ಎಂದಾಗ ಪ್ರೂಯಿಟ್ ಎದ್ದಿದ್ದ. ಅರ್ಧ ಎದ್ದಿದ್ದ. ನೀನು ನೆಲ ನೋಡುತ್ತಿದ್ದೆ, ನಿನಗೆ ಕಾಣಲಿಲ್ಲ. ನಾನು ಹಿಂದಿನ ಬೆಂಚಿನಿಂದ ಕಂಬಿಯ ಮೇಲೆ ಬಾಗಿ ಅವನ ಕೋಟಿನ ತುದಿ ಹಿಡಿದು ಎಳೆದೆ. “ಕೂತ್ಕೊಳ್ಳಿ, ಅವ್ರಿಗೆ ಸಿಟ್ಟು ಬರ್ಸ್ಬೇಡಿ, ಇನ್ನೂ ಜಾಸ್ತಿ ಮಾಡ್ತಾರೆ” ಎಂದೆ. ದೊಡ್ಡವರ ಎದುರು ಎದುರಾಡಬಾರದು ಎಂದೇ ನನ್ನನ್ನು ಬೆಳೆಸಿದ್ದರು, ನಿನ್ನನ್ನೂ ನಾನು ಹಾಗೇ ಬೆಳೆಸಿದೆ. ಅವನು ನನ್ನ ಮುಖ ನೋಡಿ, ಯೋಚಿಸಿ, ಕೂತ. ಅರ್ಧ ಗಂಟೆಯಲ್ಲಿ ಕಾರ್ಬಿನ್‌ನ ವಕೀಲ ಎದ್ದ, ಜಡ್ಜ್ ಒಂದು ದಿನವನ್ನೂ ಹೆಚ್ಚು ಮಾಡಲಿಲ್ಲ, ಅದನ್ನು ನಾನು ಅಲ್ಲೇ ಕೂತು ಕಣ್ಣಾರೆ ನೋಡಿದೆ. ಥೀಯಾ ಹೋದ ವರ್ಷ ಇದನ್ನೇ ಕೇಳಿದಾಗ ನನಗೇನೂ ಗೊತ್ತಿಲ್ಲ ಎಂದಿದ್ದೆ, ಅಲ್ಲಿ ಬೈಬಲ್ ಇರಲಿಲ್ಲ. ಮಂಗಳವಾರ ಇತ್ತು. ಥೀಯಾ ಕಣ್ಣಲ್ಲೇ ಬೇಡಿಕೊಂಡಳು, ಪ್ರೂಯಿಟ್ ಕುರ್ಚಿಯಿಂದಲೇ ಬೇಡ ಎಂದು ತಲೆಯಲ್ಲಾಡಿಸಿದ. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಜಡ್ಜಮ್ಮ, “ನೀವು ಬಹಳ ಪ್ರಾಮಾಣಿಕರು ತಾಯಿ” ಎಂದು ಅಲ್ಲೇ ಬರೆದರು: ವಕೀಲರು ತಾಯಿಯ ಮಾತು ಕೇಳಿ, ಯೋಚಿಸಿ ಸುಮ್ಮನಿದ್ದರು, ಅದು ತಂತ್ರ, ಅರ್ಜಿ ವಜಾ. ಸುಳ್ಳು ಪ್ರಮಾಣ ಮಾಡಿದ್ದಕ್ಕೆ ಪ್ರೂಯಿಟ್ ಮೇಲೆ ಕೇಸು ಹಾಕುತ್ತಾರಂತೆ. ಈ ತೀರ್ಪಿಗೂ ನಿನ್ನದೇ ಹೆಸರು. ನಿನಗೆ ಮೂವತ್ತೆಂಟಾದಾಗ ಬಿಡುತ್ತಾರೆ, ಅಷ್ಟರಲ್ಲಿ ನಾನು ಇರುವುದಿಲ್ಲವೇನೋ. ಆ ಹನ್ನೊಂದು ವರ್ಷವನ್ನು ಜಡ್ಜ್ ಕೊಟ್ಟದ್ದು ಒಂದು ಸಲ, ನಾನು ಎರಡು ಸಲ ಕೊಟ್ಟೆ. ನಿನ್ನ ಭೇಟಿಯ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕುವುದಿದ್ದರೆ ಹೊಡೆದುಹಾಕು, ನಾನು ಆಕ್ಷೇಪಣೆ ಎತ್ತುವುದಿಲ್ಲ.